ಯಕ್ಷಗಾನದ ಫೋಟೊಗೆ ಕಾಣದ ಗುರುತು: ಸ್ಟೆಗಾಸ್ಟ್ಯಾಂಪ್ ಬಳಸಿ ನೋಡಿದೆ

ಆಟದ ಫೋಟೊ ತೆಗೆಯುವವರಿಗೆಲ್ಲ ಗೊತ್ತಿರುವ ಸಂಕಟ ಇದು. ಮೂಲೆಯಲ್ಲಿ ಹೆಸರು ಹಾಕಿದರೆ ಅಷ್ಟನ್ನು ಕತ್ತರಿಸಿ ಫ್ಲೆಕ್ಸ್ ಮಾಡಿಸುತ್ತಾರೆ. ನಡುವೆ ಹಾಕಿದರೆ ವೇಷದ ಅಂದವೇ ಕೆಟ್ಟಿತು. ಪ್ರಿಂಟ್ ಆದಮೇಲೂ ಚಿತ್ರದೊಳಗೇ ಉಳಿಯುವ ಗುರುತು ಬೇಕಿತ್ತು. ಅದಕ್ಕೇ ಚಿತ್ರದೊಳಗೆ ಕಾಣದಂತೆ ಗುರುತು ಬೆರೆಸುವ ಸ್ಟೆಗಾಸ್ಟ್ಯಾಂಪ್ ಎಂಬ ತಂತ್ರಾಂಶ ಹಿಡಿದು ಕೂತೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹೊರತಂದದ್ದು. ಕೋಡ್ ಉಚಿತ.

ಗುರುತು ಹಾಕುವುದಕ್ಕೊಂದು, ಓದುವುದಕ್ಕೊಂದು ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಇದೆ, ಎರಡಕ್ಕೂ ಒಟ್ಟಿಗೇ ಕಲಿಸಿದ್ದಾರೆ. ಕಲಿಸುವಾಗ ಚಿತ್ರವನ್ನು ಬೇಕೆಂದೇ ಓರೆ ಮಾಡಿ, ಮಸುಕು ಮಾಡಿ, ಬಣ್ಣ ಕೆಡಿಸಿ, ಜೆಪೆಗ್‌ಗೆ ಇಳಿಸಿ ಕೊಟ್ಟಿದ್ದಾರೆ. ಹಾಗಾಗಿ ಕಾಗದಕ್ಕೆ ಇಳಿದು ಮೊಬೈಲ್ ಕ್ಯಾಮೆರಾಕ್ಕೆ ಹತ್ತಿದರೂ ಗುರುತು ಉಳಿಯುತ್ತದೆ. ಮ್ಯಾಟ್ ಪ್ರಿಂಟನ್ನು ಪಕ್ಕದಿಂದ ಮೊಬೈಲಿನಲ್ಲಿ ತೆಗೆದು, ನಾಲ್ಕು ಮೂಲೆ ನೇರ ಮಾಡಿ ಕೊಟ್ಟೆ. ಹಾಕಿದ ನಂಬರ್ ಹಾಗೇ ಬಂತು. ತುಂಬ ಖುಷಿಯಾಯಿತು. ಗ್ಲಾಸಿ ಕಾಗದದ ಮೇಲೆ ಟ್ಯೂಬ್‌ಲೈಟ್ ಹೊಳೆದಾಗ ಮಾತ್ರ ಓದಲಿಲ್ಲ.

ನಂಬರ್ ಅಂದೆ, ಹೆಸರಲ್ಲ. ಒಟ್ಟು 100 ಬಿಟ್ ಜಾಗ. ತಪ್ಪು ತಿದ್ದುವ ಸಂಕೇತಕ್ಕೆ ಹೋಗಿ ನಮಗೆ ಸಿಗುವುದು 56 ಬಿಟ್, ಅಂದರೆ 7 ಬೈಟ್, 7 ಇಂಗ್ಲಿಷ್ ಅಕ್ಷರ. ಕನ್ನಡದಲ್ಲಿ ‘ಕಾ’ ಒಂದಕ್ಕೇ 6 ಬೈಟ್ ಬೇಕು. ಪ್ರತಿ ಪ್ರಿಂಟ್‌ಗೂ ಬೇರೆ ನಂಬರ್ ಕೊಟ್ಟು, ಯಾರಿಗೆ ಹೋಯಿತೆಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.

ಚಿತ್ರದ ಆಯ್ಕೆಯಲ್ಲೇ ಅರ್ಧ ಕೆಲಸ. ಬಣ್ಣದ ವೇಷದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದೆ: ಬಿಳಿ ಚುಟ್ಟಿಯ ಚುಕ್ಕಿಗಳ ನಡುವೆ, ಕಿರೀಟದ ಕನ್ನಡಿ ಚೂರುಗಳಲ್ಲಿ ಗುರುತು ಪತ್ತೆಯೇ ಇಲ್ಲ. ಹಿಂದಿನ ಬೋಳು ಕಪ್ಪು ಪರದೆಯಲ್ಲಿ ಮಾತ್ರ ತೆಳು ಅಲೆ ಎದ್ದಿತ್ತು. ಸಪಾಟು ಬಣ್ಣದ ಜಾಗದಲ್ಲಿ ಗುರುತು ಕಾಣಬಹುದೆಂದು ಅದನ್ನು ಮಾಡಿದವರೂ ಹೇಳಿದ್ದಾರೆ. ಈಗ ವೇಷವೇ ಚೌಕಟ್ಟು ತುಂಬುವ ಚಿತ್ರಗಳಿಗಷ್ಟೇ ಹಾಕುತ್ತೇನೆ.

ಇನ್ನೊಂದು ತೊಡಕು, ಚಿತ್ರವನ್ನು ಅದು ಚೌಕವಾಗಿ ಕತ್ತರಿಸಿ 400×400 ಪಿಕ್ಸೆಲ್‌ಗೆ ಕುಗ್ಗಿಸಿಬಿಡುತ್ತದೆ. ಅಷ್ಟು ಸಣ್ಣದನ್ನು ದೊಡ್ಡ ಪ್ರಿಂಟ್ ಹಾಕಲಾದೀತೇ? ದಾರಿಯಿದೆ. ಸೇರಿಸಿದ ಗುರುತನ್ನಷ್ಟೇ ಬೂದು ಬಣ್ಣದ ಇನ್ನೊಂದು ಫೈಲಾಗಿಯೂ ಅದು ಕೊಡುತ್ತದೆ. ಅದನ್ನು ಹಿಗ್ಗಿಸಿ, ಅದೇ ಚೌಕಕ್ಕೆ ಕತ್ತರಿಸಿದ ಮೂಲ ಫೋಟೊದ ಮೇಲೆ ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ‘ಗ್ರೇನ್ ಮರ್ಜ್’ ಲೇಯರ್ ಆಗಿ ಇಡಿ, ಸಾಕು.

ಇಂಥ ನೆಟ್‌ವರ್ಕ್ ನಡೆಸುವ ಟೆನ್ಸರ್‌ಫ್ಲೋ ತಂತ್ರಾಂಶದ ಹಳೆಯ 1ನೇ ಆವೃತ್ತಿಯೇ ಬೇಕಾದ್ದರಿಂದ ಕಂಪ್ಯೂಟರಿಗೆ ಹಾಕಿಕೊಳ್ಳುವುದು ಕಷ್ಟ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.