ಉಚಿತ ಮಲೇರಿಯಾ ಚಿಕಿತ್ಸೆ: ರಕ್ತಪರೀಕ್ಷೆ ಉತ್ತಮ, ಆಮೇಲಿನ 14 ದಿನದ ನಿಗಾ ಸಾಲದು

ಮಂಗಳೂರಿನ ನಮ್ಮ ಬಡಾವಣೆಯ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಕ್ಕದ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಒಡಿಶಾದ ಯುವಕನೊಬ್ಬನನ್ನು ಚಳಿಜ್ವರ ಬಂದಾಗ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಮಲೇರಿಯಾ ಸೇವೆಯ ಕುರಿತು ಈ ಅಭಿಪ್ರಾಯ.

ಪರೀಕ್ಷೆಯ ವಿಷಯದಲ್ಲಿ ದೂರಲು ಏನೂ ಇಲ್ಲ. ಆಧಾರ್ ಇಲ್ಲವೆಂದು ಯಾರೂ ಹಿಂದಕ್ಕೆ ಕಳುಹಿಸಲಿಲ್ಲ. ಪ್ರಯೋಗಾಲಯದವರು ಬೆರಳಿಗೆ ಚುಚ್ಚಿ, ಒಂದೇ ಸ್ಲೈಡಿನಲ್ಲಿ ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ತೆಳ್ಳಗೆ ರಕ್ತ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ದಿನ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಎಂದು ತಿಳಿಸಿದರು. ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಕೊರತೆ ಇರುವುದು ಅದರ ನಂತರ. ವೈವ್ಯಾಕ್ಸ್‌ಗೆ 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಮೊದಲ ಕೆಲವು ದಿನಗಳಲ್ಲೇ ಜ್ವರ ಬಿಡುತ್ತದೆ, ಆದರೆ ಪಿತ್ತಜನಕಾಂಗದಲ್ಲಿ ಅಡಗಿರುವ ರೋಗಾಣುವನ್ನು ಕೊಲ್ಲುವುದು ಪ್ರೈಮಾಕ್ವಿನ್. ಅದನ್ನು ಅರ್ಧಕ್ಕೆ ಬಿಟ್ಟರೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಸೊಳ್ಳೆ ಕಚ್ಚದಿದ್ದರೂ ಜ್ವರ ಮರಳಬಹುದು. "ಖಾಲಿ ಹೊಟ್ಟೆಗೆ ತೆಗೊಳ್ಬೇಡ ತಮ್ಮಾ, ಮೂತ್ರ ಕಪ್ಪಾದ್ರೆ ಮಾತ್ರೆ ನಿಲ್ಸಿ ಕೂಡ್ಲೇ ಬಾ" ಎಂದು ಸಿಸ್ಟರ್ ಅಕ್ಕರೆಯಿಂದಲೇ ಹೇಳಿದರು. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಪ್ರೈಮಾಕ್ವಿನ್ ಆ ಕಣಗಳನ್ನು ಒಡೆಯಬಲ್ಲದಾದ್ದರಿಂದ ಇದು ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆ. ಆದರೆ ಹೇಳಿದ್ದು ಕನ್ನಡದಲ್ಲಿ, ಕೊಟ್ಟ ಚೀಟಿಯೂ ಕನ್ನಡದಲ್ಲಿ. ಆ ಹುಡುಗನಿಗೆ ಕನ್ನಡ ಬಾರದು. ನನ್ನ ಹರಕುಮುರುಕು ಹಿಂದಿಯಲ್ಲಿ ವಿವರಿಸಿದೆ. ಜೊತೆಗೆ ಯಾರೂ ಇಲ್ಲದೆ ಬಂದವರ ಗತಿಯೇನು?

ಕೇಂದ್ರ ಸಂಜೆಗೇ ಮುಚ್ಚುವುದರಿಂದ ಮತ್ತೊಮ್ಮೆ ತೋರಿಸಿಕೊಳ್ಳಲು ಅವನು ಒಂದು ದಿನದ ಕೂಲಿ ಬಿಡಬೇಕು. ಮಾತ್ರೆ ಮುಗಿಯುವ ಮೊದಲೇ ಮೇಸ್ತ್ರಿ ಅವನನ್ನು ಸುರತ್ಕಲ್ ಕಡೆಯ ಕೆಲಸಕ್ಕೆ ಕಳುಹಿಸಿದ. ಕೇಂದ್ರದಲ್ಲಿ ಬರೆದುಕೊಂಡಿದ್ದುದು ಮೇಸ್ತ್ರಿಯ ಫೋನ್ ನಂಬರು ಮಾತ್ರ.

ನಮ್ಮೂರಿನಲ್ಲಿ 1990ರ ದಶಕದಿಂದ ಮಲೇರಿಯಾ ಕಟ್ಟಡಗಳ ಜೊತೆಗೇ ಬೆಳೆಯಿತು. ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ, ಸ್ಲ್ಯಾಬಿನ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರಿನಲ್ಲೂ ಮುಚ್ಚಳವಿಲ್ಲದ ಟ್ಯಾಂಕಿಯಲ್ಲೂ ಮೊಟ್ಟೆಯಿಡುತ್ತದೆ. ಆ ನೀರಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುವವರಿಗೆ ಕಾಯಿಲೆ ಮೊದಲು ತಗಲುತ್ತದೆ, ಫ್ಲ್ಯಾಟಿನ ಕಿಟಕಿಗೆ ಜಾಲರಿ ಹಾಕಿಸಿಕೊಂಡ ನಮಗಲ್ಲ. ಹಾಗಿರುವಾಗ ಸೇವೆಯ ವೇಳೆ ಮತ್ತು ಭಾಷೆ ನಮಗೆ ಹೊಂದುವಂತೆ ಇರುವುದು ನ್ಯಾಯವಲ್ಲ.

ಜ್ವರ ಬಂದವರು ಹಿಂಜರಿಯದೆ ಇಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಕೇಂದ್ರದವರಲ್ಲಿ ನನ್ನ ಕೋರಿಕೆ: ವಾರಕ್ಕೆ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆರೆದಿಡಿ, ಹಿಂದಿ, ಒಡಿಯಾ, ಬಂಗಾಳಿಯಲ್ಲಿ ಚೀಟಿ ಮುದ್ರಿಸಿ, ರೋಗಿಯ ಸ್ವಂತ ನಂಬರನ್ನೇ ಬರೆದುಕೊಂಡು 14ನೇ ದಿನದವರೆಗೂ ವಿಚಾರಿಸಿ.