ಸಿಇಟಿ ಕೌನ್ಸೆಲಿಂಗ್ ಸೆಂಟರ್: 8,000 ಕೊಟ್ಟಿದ್ದಕ್ಕೆ ಸಿಕ್ಕಿದ್ದೇನು?

ಇದು ರಾಜಾಜಿನಗರದ ಕಡೆಯ ಒಂದು ಖಾಸಗಿ ಕೌನ್ಸೆಲಿಂಗ್ ಸೆಂಟರ್ ಬಗ್ಗೆ. ಹೆಸರು ಬೇಡ, ಈ ಥರದವು ಬೆಂಗಳೂರಿನ ತುಂಬ ಇವೆ. ಅಕ್ಕನ ಮಗಳ ಇಂಜಿನಿಯರಿಂಗ್ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ಕೊಡುವುದಕ್ಕೆ ಅಂತ ಹೋಗಿದ್ದೆವು. ಫೀಸ್ 8,000 ರೂಪಾಯಿ, ಮೊದಲೇ ಕಟ್ಟಬೇಕು. ನನ್ನ ಕಡೆಯಿಂದ ಐದಕ್ಕೆ ಎರಡು ಸ್ಟಾರ್.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕುಗಳನ್ನು ಕಾಲೇಜುವಾರು, ಬ್ರಾಂಚ್‌ವಾರು ನೀಟಾಗಿ ಪ್ರಿಂಟ್ ಹಾಕಿ ಕೊಟ್ಟರು. ಸೀಟು ಬಂದ ಮೇಲೆ ಚಾಯ್ಸ್ 1 ಒತ್ತಿದರೆ ಏನು (ಸೀಟು ಒಪ್ಪಿಕೊಂಡು ಸೇರುವುದು), 2 ಒತ್ತಿದರೆ ಏನು (ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದು) ಅಂತ ತಾಳ್ಮೆಯಿಂದ ಹೇಳಿದರು. ಆದರೆ ಇದೆಲ್ಲ ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲೇ ಬಿಟ್ಟಿಯಾಗಿ ಸಿಗುತ್ತದೆ, ಅಲ್ವಾ?

ಎಡವಟ್ಟು ಇರುವುದು ಅವರು ಮಾಡಿಕೊಟ್ಟ ಪಟ್ಟಿಯಲ್ಲಿ. ಮೇಲಿನಿಂದ ಕೆಳಗೆ ಬರೀ ಹೆಸರಿರುವ ಕಾಲೇಜು, ಬರೀ ಕಂಪ್ಯೂಟರ್ ಸೈನ್ಸ್. ಫೀಸಿನ ಕಾಲಮ್ಮೇ ಇಲ್ಲ! ಸೀಟು ಹಂಚುವ ಕ್ರಮ ಹೇಗಿದೆ ಅಂದರೆ, ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡಿಕೊಂಡು ಬಂದು ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅದನ್ನೇ ಕೊಟ್ಟು ಅಲ್ಲಿಗೆ ನಿಲ್ಲಿಸುತ್ತಾರೆ, ಅದರ ಕೆಳಗೆ ಅರ್ಧ ಫೀಸಿನ ಸೀಟು ಇದ್ದರೂ ಅದು ನಿಮಗೆ ಬರಲ್ಲ. ಚಾಯ್ಸ್ 2 ಹಾಕಿ ಮುಂದಿನ ಸುತ್ತಿಗೆ ಹೋದರೂ ಮೇಲಿನವಕ್ಕೆ ಮಾತ್ರ ಕಾಯಬಹುದು. ಹಾಗಾಗಿ ಇಷ್ಟನೋ ದುಡ್ಡೋ ಅನ್ನುವ ಜಗಳ ಪಟ್ಟಿ ಕೊಡುವ ಮುಂಚೆಯೇ ಮುಗಿದಿರಬೇಕು. ಅದರ ಬಗ್ಗೆ ಇವರು ಬಾಯೇ ಬಿಡಲಿಲ್ಲ.

ಕೆ.ಆರ್. ಸರ್ಕಲ್‌ನ ಯುವಿಸಿಇ ಎಲ್ಲೋ ಕೊನೆಯಲ್ಲಿತ್ತು. 1917ರಲ್ಲಿ ಶುರುವಾದ ಸರ್ಕಾರಿ ಕಾಲೇಜು, ಖಾಸಗಿ ಕಾಲೇಜಿನ ಸಿಇಟಿ ಸೀಟಿಗಿಂತ ಫೀಸ್ ಕಮ್ಮಿ, ಮೆಟ್ರೋ ಇಳಿದು ನಡೆದೇ ಹೋಗಬಹುದು. ಯಾಕೆ ಕೆಳಗೆ ಹಾಕಿದಿರಿ ಅಂದರೆ, "ಬಿಲ್ಡಿಂಗ್ ಹಳೇದು ಮೇಡಂ" ಅಂತ ಅಕ್ಕನಿಗೆ ಉತ್ತರ. ಹಳೇದೇ, ಸುಳ್ಳಲ್ಲ.

ಮನೆಯ ವಾರ್ಷಿಕ ವರಮಾನ 8 ಲಕ್ಷದ ಒಳಗಿದ್ದರೆ, ಅಂಥ ಮನೆಯ ಮಕ್ಕಳಿಗೆ ಅಂತ ಇರುವ ಹೆಚ್ಚುವರಿ ಎಸ್‌ಎನ್‌ಕ್ಯೂ ಸೀಟಿಗೆ ಬೋಧನಾ ಶುಲ್ಕ ಮನ್ನಾ ಇದೆ. ಅಕ್ಕನ ಮನೆ ಅದರೊಳಗೇ ಬರುತ್ತದೆ, ಇವರು ವರಮಾನ ಎಷ್ಟು ಅಂತ ಕೇಳಲೂ ಇಲ್ಲ. ಬದಲಿಗೆ ಖಾಸಗಿ ಕಾಲೇಜುಗಳದ್ದೇ ಬೇರೆ ಪರೀಕ್ಷೆಯಾದ ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಸೀಟು ಅಂತ ಮಾತು ತಿರುಗಿಸುತ್ತಲೇ ಇದ್ದರು. ಅವುಗಳ ಫೀಸಿನ ಮುಂದೆ ಸಿಇಟಿ ಫೀಸು ಏನೇನೂ ಅಲ್ಲ. "ಪ್ಲೇಸ್‌ಮೆಂಟ್ ಆದರೆ ಒಂದೇ ವರ್ಷದಲ್ಲಿ ವಾಪಸ್ ಬರುತ್ತೆ ಮೇಡಂ!" ಪ್ಲೇಸ್‌ಮೆಂಟ್ ಆಗದಿದ್ದರೆ ಅಂತ ಕೇಳಿದ್ದಕ್ಕೆ ಸುಮ್ನೆ ನಕ್ಕರು. ಅಲ್ಲಿ ಅವರಿಗೆ ಕಮಿಷನ್ ಇರುತ್ತೋ ಏನೋ ಅನ್ನುವ ಅನುಮಾನ ನನಗೆ ಈಗಲೂ ಇದೆ.

ಕೊನೆಗೆ ಹುಡುಗಿಯೇ ಪೆನ್ಸಿಲ್ ಹಿಡಿದು ಕೂತಳು. ಅದೇ ಪ್ರಿಂಟ್‌ಔಟಿನ ಅಂಚಿನಲ್ಲಿ ಪ್ರತಿ ಕಾಲೇಜಿನ ಎದುರು ನಾಲ್ಕು ವರ್ಷದ ಫೀಸು, ಕಾಲೇಜ್ ಬಸ್ಸು, ದೂರವಾದರೆ ಪಿಜಿ ಬಾಡಿಗೆ ಎಲ್ಲ ಕೂಡಿಸಿ ಬರೆದಳು. ತನಗೆ ನಿಜವಾಗಿ ಇಷ್ಟವಿದ್ದ ಒಂದು ಖಾಸಗಿ ಕಾಲೇಜನ್ನು ದುಡ್ಡು ಜಾಸ್ತಿಯಾದರೂ ಮೊದಲ ಸಾಲಿನಲ್ಲೇ ಬಿಟ್ಟಳು. ಅದು ನನಗೂ ಸರಿ ಅನ್ನಿಸಿತು. ಬರೀ ಹೆಸರಿಗೆ ಅಂತ ತುಂಬಿದ್ದವೆಲ್ಲ ಕೆಳಗಿಳಿದವು, ಯುವಿಸಿಇ ಎಲೆಕ್ಟ್ರಾನಿಕ್ಸ್ ಎರಡನೇ ಸಾಲಿಗೆ ಬಂತು. ಸಿಕ್ಕಿದ್ದೂ ಅದೇ.

ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ ಫೋನ್ ಮಾಡಿದರೆ, "ಎರಡನೇ ಸುತ್ತಿಗೂ ನಮ್ಮ ಸಲಹೆ ಫ್ರೀ" ಅಂದರು. ಅಷ್ಟರಲ್ಲಿ ಇವಳು ಚಾಯ್ಸ್ 1 ಒತ್ತಿ, ಫೀಸೂ ಕಟ್ಟಿ ಆಗಿತ್ತು.