ಗೋಣಿಕೊಪ್ಪದ ಷೇರು ತರಗತಿ: ಡಿವಿಡೆಂಡ್ ಪಾಠಕ್ಕಾದರೂ ಹೋಗಿ

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಸ್ವಲ್ಪ ಕಾಸು, ಪುರುಸೊತ್ತು ಎರಡೂ ಇರುವವರು ಈ ಭಾನುವಾರದ ತರಗತಿಗೆ ಹೋಗಬಹುದು. ಮೊದಲ ಭಾಗ ಸುಮ್ನೆ ಎಳೆದಾಟ. ಡಿಮ್ಯಾಟ್ ಖಾತೆ ತೆರೆಯುವುದು ಈಗ ಯಾರಿಗೆ ಗೊತ್ತಿಲ್ಲ? ಸಿಎಪಿಎಂ, ಅಂದರೆ ಅಪಾಯಕ್ಕೆ ತಕ್ಕಂತೆ ಒಂದು ಷೇರಿನಿಂದ ಎಷ್ಟು ಲಾಭ ನಿರೀಕ್ಷಿಸಬೇಕು ಅಂತ ಲೆಕ್ಕ ಹಾಕುವ ಸೂತ್ರದ ಪಾಠ ಮಾತ್ರ ಚೆನ್ನಾಗಿದೆ.

ಈ ಸೂತ್ರ ಕೊಡುವ ಲಾಭದಲ್ಲಿ ಬೆಲೆ ಏರಿಕೆ, ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭದ ಪಾಲು) ಎರಡೂ ಸೇರಿರುತ್ತವೆ. ಮೇಷ್ಟ್ರು ಬೋರ್ಡ್ ಮೇಲೆ ಲೆಕ್ಕ ಹಾಕಿದರು: ಅಪಾಯವಿಲ್ಲದ ಬಡ್ಡಿ ಶೇ 7, ಮಾರುಕಟ್ಟೆಯ ಲಾಭ ಶೇ 12, ಬೀಟಾ (ಮಾರುಕಟ್ಟೆ ಏರಿಳಿದಾಗ ಷೇರು ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆ) 0.8. ಉತ್ತರ 7 + 0.8 × (12 − 7), ಅಂದರೆ ಶೇ 11. ಅದರಲ್ಲಿ ಶೇ 3 ಡಿವಿಡೆಂಡ್ ಆಗಿ ಬಂದರೆ, ಬೆಲೆಯಿಂದ ನಿರೀಕ್ಷಿಸಬೇಕಾದ್ದು ಶೇ 8 ಮಾತ್ರ. 11ಕ್ಕೆ ಮತ್ತೆ 3 ಕೂಡಿಸಿದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದ ಹಾಗೆ. ನನ್ನ ಪಕ್ಕ ಕೂತಿದ್ದ ಬ್ಯಾಂಕಿನವರೇ 14 ಅಂದರು!

ಮಾರುಕಟ್ಟೆಯ ಲಾಭಕ್ಕೂ ಬರೀ ನಿಫ್ಟಿ 50 ಸೂಚ್ಯಂಕ ಹಿಡಿದರೆ ಡಿವಿಡೆಂಡ್ ಬಿಟ್ಟುಹೋಗುತ್ತದೆ. ಡಿವಿಡೆಂಡನ್ನೂ ಸೇರಿಸಿ ಲೆಕ್ಕ ಹಾಕುವ ನಿಫ್ಟಿ 50 ಟಿಆರ್‌ಐ ತೆಗೆದುಕೊಳ್ಳಬೇಕು. ಮ್ಯೂಚುವಲ್ ಫಂಡ್‌ಗಳ ಹೋಲಿಕೆಗೆ ಷೇರುಪೇಟೆ ನಿಯಂತ್ರಕ ಸೆಬಿ 2018ರಿಂದ ಟಿಆರ್‌ಐಯನ್ನೇ ಕಡ್ಡಾಯ ಮಾಡಿದೆ. ಬೀಟಾ ಇದರಿಂದ ಜಾಸ್ತಿ ಬದಲಾಗುವುದಿಲ್ಲವಂತೆ.

ಕೊರತೆ ಇರುವುದು ತೆರಿಗೆ ವಿಷಯದಲ್ಲಿ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ತೆರಿಗೆ ನಮ್ಮ ತಲೆ ಮೇಲೆ. ಮೂಲ ಸಿಎಪಿಎಂ ತೆರಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೈಗೆ ಉಳಿಯುವುದೆಷ್ಟು ಅನ್ನುವುದೇ ಮುಖ್ಯ ಅಲ್ವಾ? ಕೇಳಿದರೆ ಮೇಷ್ಟ್ರು ‘ಮುಂದಿನ ವಾರ’ ಅಂದರು.

ಕರೆಂಟ್ ಹೋದರೆ ಪ್ರೊಜೆಕ್ಟರ್ ಇಲ್ಲ, ಬೋರ್ಡೇ ಗತಿ. ಮುಂದಿನ ಸಾಲಿನಲ್ಲಿ ಕೂರಿ.